ಅದೇ ಲೋಟೆಯಲ್ಲಿ ಒಂದು

ಅಮ್ಮನ ಅಡುಗೆ ಪುಸ್ತಕ ಎಂದರೆ ಇನ್ನೂರು ಪುಟದ ಒಂದು ನೋಟುಬುಕ್ಕು. ರಟ್ಟು ಯಾವಾಗಲೋ ಕಿತ್ತುಹೋಗಿ ಆ ಜಾಗಕ್ಕೆ ಕ್ಯಾಲೆಂಡರಿನ ಹಾಳೆ ಬಂದಿದೆ. ಮೊದಲರ್ಧ ಹಾಲಿನ ಲೆಕ್ಕ, ಅಡಕೆ ಸುಲಿದವರ ಲೆಕ್ಕ, ಅಲ್ಲಿಂದಾಚೆ ಅಡುಗೆ. ಒಂದು ಪುಟ ಮಾತ್ರ ಬೆಣ್ಣೆಯ ಜಿಡ್ಡು ಹೀರಿ, ಹಿಂಬದಿಯ ಅಕ್ಷರ ಈಚೆಗೆ ಕಾಣುವಷ್ಟು ತೆಳ್ಳಗಾಗಿದೆ. ತಲೆಬರಹ ‘ಬೇಳದ ಕೇಕು’. ಬೇಳ ಕಾಸರಗೋಡಿನ ನೀರ್ಚಾಲಿನ ಪಕ್ಕದ ಊರು, 1890ರಲ್ಲಿ ಕಟ್ಟಿದ ದೊಡ್ಡ ಇಗರ್ಜಿ ಇರುವಲ್ಲಿ. ಅಲ್ಲಿನ ಬಾಯಮ್ಮನೊಬ್ಬರು ಪ್ರತಿ ಕ್ರಿಸ್‌ಮಸ್ಸಿಗೆ ಕುಸ್ವಾರಿನ, ಎಂದರೆ ಹಬ್ಬದ ತಿಂಡಿಗಳ, ತಟ್ಟೆಯ ಜೊತೆ ಈ ಕೇಕಿನ ಒಂದು ಹೋಳು ಕಳಿಸುತ್ತಿದ್ದರು. ಒಂದು ವರ್ಷ ಅಮ್ಮ ಅವರ ಜಗಲಿಯಲ್ಲಿ ಕೂತು ಕೇಳಿ ಬರೆದುಕೊಂಡು ಬಂದರು.

ಪುಟದಲ್ಲಿರುವುದು ಇಷ್ಟು: “ಬೀಜದ ತುಂಡು ೧ ಲೋಟೆ, ಹುರಿದು ಪುಡಿ. ಸಕ್ಕರೆ ಅದೇ ಲೋಟೆಯಲ್ಲಿ ಒಂದು. ಮೈದಾ ಅದೇ ಲೋಟೆಯಲ್ಲಿ ಒಂದು. ಬೆಣ್ಣೆ ಕಾಲು ರಾತಲು. ಮೊಟ್ಟೆ ೩. ಬೇಕಿಂಗ್ ಪೌಡರ್ ೧ ಚಮಚ. ಬಿಳಿ ಬರುವಷ್ಟು ಬಡಿಯುವುದು. ಹೊಯಿಗೆ ಕಾಯಿಸಿ ಇಡುವುದು. ಮೇಲೆ ಗೆರಟೆ ಕೆಂಡ.” ಬೀಜ ಎಂದರೆ ನಮ್ಮಲ್ಲಿ ಗೇರುಬೀಜ, ಹೊಯಿಗೆ ಎಂದರೆ ಮರಳು, ಗೆರಟೆ ಎಂದರೆ ತೆಂಗಿನ ಚಿಪ್ಪು.

ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಪುಸ್ತಕ ಅಣ್ಣನ ಮನೆಯಲ್ಲಿದೆ. ಅವನ ಮಗಳು ಮಲಯಾಳ ಮಾಧ್ಯಮದಲ್ಲಿ ಓದಿದವಳು; ಮನೆಯಲ್ಲಿ ತುಳು, ಕನ್ನಡ ಎರಡನ್ನೂ ನೀರು ಕುಡಿದಂತೆ ಮಾತಾಡುತ್ತಾಳೆ, ಕನ್ನಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಾಳೆ, ಆದರೆ ಕನ್ನಡದ ಅಂಕಿಗಳನ್ನು ಯಾರೂ ಅವಳಿಗೆ ಕಲಿಸಲಿಲ್ಲ. ಕಳೆದ ಡಿಸೆಂಬರಿನಲ್ಲಿ ಆ ಪುಟದ ಫೋಟೋ ತೆಗೆದು ಉಪ್ಪಳದಲ್ಲಿರುವ ನನಗೆ ಕಳಿಸಿ ಫೋನು ಮಾಡಿದಳು. “ಅತ್ತೆ, ಬೇಕಿಂಗ್ ಪೌಡರ್ ಸೊನ್ನೆ ಚಮಚ ಅಂತ ಅಜ್ಜಿ ಯಾಕೆ ಬರೆದದ್ದು?”

ಅದು ಸೊನ್ನೆ ಅಲ್ಲ ಮಗಾ, ಒಂದು, ಎಂದೆ. ಮುಂದಿನ ಪ್ರಶ್ನೆಗಳಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಯಾವ ಲೋಟೆ? ರಾತಲು ಎಂದರೆ ಎಷ್ಟು? ಬಿಳಿ ಬರಬೇಕಾದದ್ದು ಯಾವುದು, ಮೊಟ್ಟೆಯೋ ಬೆಣ್ಣೆಯೋ? ಎಷ್ಟು ಹೊತ್ತು ಬೇಯಬೇಕು?

ಅಮ್ಮ ಅಜಾಗ್ರತೆಯಿಂದ ಬರೆದವರಲ್ಲ. ಅವರು ತನಗಾಗಿ ಬರೆದುಕೊಂಡದ್ದು. ಲೋಟೆ ಕಣ್ಣೆದುರಿಗಿತ್ತು, ಬಡಿಯುವ ಹದ ಕೈಯಲ್ಲಿತ್ತು; ಮರೆತುಹೋಗಬಹುದಾದಷ್ಟನ್ನು ಮಾತ್ರ ಕಾಗದಕ್ಕೆ ಇಳಿಸಿದರು. ಬರೆದಿಟ್ಟ ಯಾವ ಅಡುಗೆಯೂ ಹೀಗೆಯೇ ಅರ್ಧ ಕಾಗದದ ಮೇಲೆ, ಅರ್ಧ ಓದುವವರ ಕೈಯಲ್ಲಿ ಇರುತ್ತದೆ. ಅಡುಗೆ ಬರವಣಿಗೆಯ ಸುಮಾರು ನಾಲ್ಕು ಸಾವಿರ ವರ್ಷಗಳ ಚರಿತ್ರೆಯನ್ನು ನಾನು ಓದಿಕೊಳ್ಳುವುದು ಹೀಗೆ: ಕೈಯಲ್ಲಿದ್ದದ್ದು ಸ್ವಲ್ಪ ಸ್ವಲ್ಪವೇ ಕಾಗದಕ್ಕೆ ದಾಟಿಕೊಂಡು ಬಂದ ಕತೆ. ಆ ದಾಟುವಿಕೆಯನ್ನು ಅನಿವಾರ್ಯ ಮಾಡಿದ ಅಡುಗೆಗಳಲ್ಲಿ ಕೇಕಿಗೆ ದೊಡ್ಡ ಪಾಲಿದೆ.

ಯಾಕೆಂದರೆ ಕೊದ್ದೆಲಿಗೆ ಉಪ್ಪು ಕಡಿಮೆಯಾದರೆ ಕುದಿಯುತ್ತಿರುವಾಗಲೇ ಹಾಕಬಹುದು. ಹುಳಿ ಜಾಸ್ತಿಯಾದರೆ ಒಂದು ತುಂಡು ಬೆಲ್ಲ. ನೀರಾದರೆ ಇನ್ನೂ ಸ್ವಲ್ಪ ಕಾಯಿ ಅರೆದು ಸೇರಿಸಿದರಾಯಿತು. ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟು ನೆಕ್ಕಿ ನೋಡುವ ಅವಕಾಶ ಕೊನೆಯವರೆಗೂ ಇರುತ್ತದೆ. ಅದಕ್ಕೇ ‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಬರೆದರೂ ಯಾರ ಅಡುಗೆಯೂ ಕೆಡುವುದಿಲ್ಲ. ಕೇಕಿಗೆ ಆ ಸೌಕರ್ಯವಿಲ್ಲ. ಒಲೆಯೊಳಗೆ ಹೋದ ಮೇಲೆ ನಲವತ್ತು ನಿಮಿಷ ಅದು ಮುಚ್ಚಿದ ಬಾಗಿಲ ಆಚೆ. ಹೊರಗೆ ಬಂದಾಗ ಸಕ್ಕರೆ ಹೆಚ್ಚಾಗಿತ್ತು ಎಂದು ಗೊತ್ತಾದರೂ ಏನೂ ಮಾಡುವ ಹಾಗಿಲ್ಲ. ತಿದ್ದುವುದೆಲ್ಲ ಮೊದಲೇ ಆಗಬೇಕು. ಹಾಗೆ ಮೊದಲೇ ತಿದ್ದಿಟ್ಟುಕೊಂಡದ್ದನ್ನೇ ನಾವು ಅಳತೆ ಎನ್ನುತ್ತೇವೆ.

ಆ ಮುಚ್ಚಿದ ಬಾಗಿಲ ಆಚೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಮ್ಮನ ಒಂಬತ್ತು ವಾಕ್ಯಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣವಿರುವುದು ಆಗ ಕಾಣುತ್ತದೆ.

‘ಬಿಳಿ ಬರುವಷ್ಟು ಬಡಿಯುವುದು’ ಎಂಬುದು ಬೆಣ್ಣೆ ಮತ್ತು ಸಕ್ಕರೆಯ ಮಾತು. ಮೆತ್ತಗಿನ ಬೆಣ್ಣೆಯಲ್ಲಿ ಸಕ್ಕರೆಯ ಹರಳುಗಳನ್ನು ತಿರುವಿ ತಿರುವಿ ಬಡಿದಾಗ ಹರಳಿನ ಚೂಪು ಅಂಚುಗಳು ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಎಳೆದುಕೊಂಡು ಹೋಗುತ್ತವೆ. ಗುಳ್ಳೆ ತುಂಬಿದಷ್ಟೂ ಬೆಳಕು ಚದುರಿ ಹಳದಿ ಬೆಣ್ಣೆ ಬೆಳ್ಳಗೆ ಕಾಣುತ್ತದೆ. ಈ ಗುಳ್ಳೆಗಳೇ ಕೇಕಿನ ಬುನಾದಿ. ಬೇಕಿಂಗ್ ಪೌಡರ್ ಹಾಕಿದರೆ ಕೇಕು ತಾನಾಗಿ ಉಬ್ಬುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಆ ಪುಡಿ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ. ಮೊದಲೇ ಇರುವ ಗುಳ್ಳೆಗಳೊಳಗೆ ಇಂಗಾಲದ ಡೈ ಆಕ್ಸೈಡನ್ನು ತುಂಬಿ ಹಿಗ್ಗಿಸುತ್ತದೆ, ಅಷ್ಟೆ. ಬಡಿಯದೆ ಬಿಟ್ಟ ಹಿಟ್ಟಿಗೆ ಎರಡು ಚಮಚ ಪೌಡರ್ ಹಾಕಿದರೂ ಒಳಗೆ ದೊಡ್ಡ ತೂತುಗಳಿರುವ, ಬಾಯಿಗೆ ಸೋಪಿನಂತೆ ಹತ್ತುವ ಕೇಕು ಬರುತ್ತದೆ.

ಕಾವು ಏರುತ್ತಿದ್ದಂತೆ ಬೆಣ್ಣೆ ಕರಗುತ್ತದೆ, ಗುಳ್ಳೆಗಳು ಹಿಟ್ಟಿನೊಳಗೆ ಬಿಡುಗಡೆಯಾಗಿ ಆವಿಯಿಂದ, ಅನಿಲದಿಂದ ಉಬ್ಬುತ್ತವೆ. ಅವು ಒಡೆದುಹೋಗುವ ಮೊದಲು ಸುತ್ತಲಿನ ಗೋಡೆ ಗಟ್ಟಿಯಾಗಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ ದಾಟಿದ ಮೇಲೆ ಮೊಟ್ಟೆಯ ಪ್ರೋಟೀನು ಹೆಪ್ಪುಗಟ್ಟತೊಡಗುತ್ತದೆ. ಮೈದಾದ ಪಿಷ್ಟ ನೀರು ಕುಡಿದು ಊದಿ ಅಂಟಾಗುತ್ತದೆ. ಈ ಎರಡೂ ಸೇರಿ ಗುಳ್ಳೆಯ ಗೋಡೆಯನ್ನು ನಿಲ್ಲಿಸುತ್ತವೆ. ಸಕ್ಕರೆ ಇಲ್ಲಿ ಸಿಹಿಯ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ: ನೀರನ್ನು ತನ್ನ ಕಡೆಗೆ ಎಳೆದುಕೊಂಡು ಈ ಗಟ್ಟಿಯಾಗುವ ಕ್ರಿಯೆಯನ್ನು ಮುಂದೂಡುತ್ತದೆ. ಸರಿಯಾದಷ್ಟಿದ್ದರೆ ಕೇಕು ಚೆನ್ನಾಗಿ ಉಬ್ಬಿ ಮೃದುವಾಗಿ ನಿಲ್ಲುತ್ತದೆ. ಹೆಚ್ಚಾದರೆ ಗೋಡೆ ಕಟ್ಟಿಕೊಳ್ಳುವ ಮೊದಲೇ ಗುಳ್ಳೆ ಒಡೆದು ನಡುಮಧ್ಯ ಕುಸಿಯುತ್ತದೆ.

ಗೇರುಬೀಜದ ಪುಡಿಯ ಸ್ವಭಾವ ಬೇರೆ. ಅದರಲ್ಲಿ ಗೋಧಿಯ ಅಂಟು ಇಲ್ಲ. ತೂಕದ ಹೆಚ್ಚುಕಡಿಮೆ ಶೇಕಡಾ 44 ಎಣ್ಣೆ, 18 ಪ್ರೋಟೀನು. ಬಾದಾಮಿಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಗೇರುಬೀಜದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಪಿಷ್ಟವಿದೆ. ಅದಕ್ಕೇ ಗೇರುಬೀಜ ಅರೆದು ಹಾಕಿದ ಮೇಲೋಗರ ದಪ್ಪಗಾಗುವುದು. ಕೇಕಿನಲ್ಲಿಯೂ ಅದು ಸ್ವಲ್ಪ ಮಟ್ಟಿಗೆ ಹಿಡಿದು ನಿಲ್ಲುತ್ತದೆ, ಜೊತೆಗೆ ಎಣ್ಣೆ ಇರುವುದರಿಂದ ಎರಡು ಮೂರು ದಿನವಾದರೂ ಕೇಕು ಒಣಗುವುದಿಲ್ಲ. ಮೈದಾ ಪೂರ್ತಿ ಬಿಟ್ಟರೆ ಮಾತ್ರ ಬರ್ಫಿಗೂ ಕೇಕಿಗೂ ನಡುವಿನ ಏನೋ ಒಂದಾಗುತ್ತದೆ. ಅರ್ಧ ಬೀಜ, ಅರ್ಧ ಮೈದಾ ಎಂಬ ಬೇಳದ ಬಾಯಮ್ಮನ ಲೆಕ್ಕ ಬಹಳ ಸಮತೂಕದ್ದು.

ಇಂಥ ಲೆಕ್ಕಗಳನ್ನು ಮನುಷ್ಯ ಬರೆದಿಡತೊಡಗಿದ್ದು ಯಾವಾಗ? ಈಗ ನಮಗೆ ಸಿಕ್ಕಿರುವ ಅತಿ ಹಳೆಯ ಅಡುಗೆ ಬರಹಗಳಲ್ಲಿ ಮೊದಲ ಸಾಲಿಗೆ ಬರುವಂಥವು ಮೆಸೊಪೊಟೇಮಿಯದ ಜೇಡಿಮಣ್ಣಿನ ಹಲಗೆಗಳು. ಕ್ರಿಸ್ತಪೂರ್ವ 1730ರ ಆಸುಪಾಸಿನವು, ಅಕ್ಕಾಡಿಯನ್ ಭಾಷೆಯವು, ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿವೆ. ಅವನ್ನು ಓದಿ ಅರ್ಥ ಬಿಡಿಸಿದವರು ಫ್ರಾನ್ಸಿನ ವಿದ್ವಾಂಸ ಜಾನ್ ಬೊತೆರೊ. ಒಂದು ಹಲಗೆಯಲ್ಲಿ 25 ಸಾರುಗಳಿವೆ: 21 ಮಾಂಸದವು, 4 ತರಕಾರಿಯವು. ಒಂದೊಂದೂ ಎರಡು ಮೂರು ಸಾಲು. ಮಾಂಸ ಹಾಕು, ನೀರಿಡು, ಕೊಬ್ಬು ಹಾಕು, ಈರುಳ್ಳಿ ಬೆಳ್ಳುಳ್ಳಿ ಜಜ್ಜಿ ಹಾಕು. ಎಷ್ಟು ಎಂಬ ಮಾತೇ ಅಪರೂಪ. ಅಮ್ಮನ ನೋಟುಬುಕ್ಕಿನ ಅಕ್ಕತಂಗಿಯರಂತೆ ಇವೆ ಅವು.

ಇಂಗ್ಲಿಷರ ‘ರೆಸಿಪಿ’ ಎಂಬ ಶಬ್ದ ಲ್ಯಾಟಿನ್ನಿನ ಒಂದು ಆಜ್ಞೆ: ‘ತೆಗೆದುಕೋ’. ಅದು ಮೊದಲು ಅಡುಗೆಮನೆಯ ಮಾತಾಗಿರಲಿಲ್ಲ, ವೈದ್ಯರ ಮಾತಾಗಿತ್ತು. ಡಾಕ್ಟರ ಚೀಟಿಯ ತಲೆಯಲ್ಲಿ ಈಗಲೂ ಕಾಣುವ, ಕಾಲಿಗೆ ಅಡ್ಡಗೆರೆ ಎಳೆದ ಆ ‘ಆರ್’ ಅಕ್ಷರ ಅದೇ ಶಬ್ದದ ಗುರುತು. ನಮ್ಮಲ್ಲಿಯೂ ಅಡುಗೆ ಬರಹ ಮದ್ದಿನ ಬೆನ್ನಿಗೇ ಬಂದದ್ದು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ 27ನೆಯ ಅಧ್ಯಾಯ ‘ಅನ್ನಪಾನವಿಧಿ’. ಸುಶ್ರುತ ಸಂಹಿತೆಯಲ್ಲಿಯೂ ಅದೇ ಹೆಸರಿನ ಅಧ್ಯಾಯವಿದೆ. ಜ್ವರದವನಿಗೆ ಯಾವ ಗಂಜಿ, ಯಾವ ಅಕ್ಕಿ ಹಗುರ ಎಂಬ ಪ್ರಶ್ನೆಯಿಂದ ಅಡುಗೆ ಬರವಣಿಗೆಗೆ ಒಂದು ಗೌರವ ಸಿಕ್ಕಿತು. ಮದ್ದು ತಪ್ಪಿದರೆ ಪ್ರಾಣಕ್ಕೆ ಸಂಚಕಾರ, ಹಾಗಾಗಿ ಅಳತೆ ಅಲ್ಲಿ ಮೊದಲು ಬಂತು. ಅಡುಗೆಯವರು ಆಮೇಲೆ ಅದನ್ನು ಕಲಿತರು.

ಕನ್ನಡದ ಪಾಲು ಇಲ್ಲಿ ಸಣ್ಣದಲ್ಲ, ಇದನ್ನು ಹೇಳುವಾಗ ನನಗೆ ನಿಜವಾಗಿಯೂ ಎದೆ ತುಂಬುತ್ತದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಮರಗಿಡಗಳ ಆರೈಕೆ, ಸುಗಂಧ ತಯಾರಿಯ ಜೊತೆಗೆ ಅಡುಗೆಯೂ ಒಂದು ವಿಷಯ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಅರೆಯುವ ಇಡ್ಲಿಯ ಪೂರ್ವಜ ಅಲ್ಲಿದೆ. ಅದಾಗಿ ಒಂದು ಶತಮಾನಕ್ಕೆ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅದರ ‘ಅನ್ನಭೋಗ’ ಭಾಗ ಅರಮನೆಯ ಅಡುಗೆಮನೆಯ ಬಾಗಿಲನ್ನೇ ತೆರೆದಿಟ್ಟ ಹಾಗಿದೆ. 16ನೆಯ ಶತಮಾನದ ಮೊದಲ ಭಾಗಕ್ಕೆ ಸೇರಿದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಪೂರ್ತಿ ಅಡುಗೆಗೇ ಮೀಸಲಾದ ಕನ್ನಡ ಕೃತಿ, ಅದೂ ವಾರ್ಧಕ ಷಟ್ಪದಿಯಲ್ಲಿ.

ಅಡುಗೆಯನ್ನು ಪದ್ಯದಲ್ಲಿ ಯಾಕೆ ಬರೆದರು ಎಂದು ಈಗಿನವರಿಗೆ ಅನ್ನಿಸಬಹುದು. ತಾಳೆಗರಿಯ ಕಟ್ಟನ್ನು ಒಲೆಯ ಬದಿಯಲ್ಲಿ ಬಿಡಿಸಿಟ್ಟು ಹಿಟ್ಟು ಮೆತ್ತಿದ ಕೈಯಲ್ಲಿ ತಿರುವಲು ಆಗುವುದಿಲ್ಲ. ಬಾಯಿಪಾಠ ಆಗಬೇಕು. ಆರು ಸಾಲಿನ ಲಯವೇ ನೆನಪಿನ ಬುಟ್ಟಿ. ಬರೆದದ್ದು ನಿಜ, ಆದರೆ ಬರೆದದ್ದೇ ಬಾಯಲ್ಲಿ ಇರಲಿ ಎಂದು. ಅದೇ ಸೂಪಶಾಸ್ತ್ರದಲ್ಲಿ ‘ಮುಚ್ಚಳ ರೊಟ್ಟಿ’ ಎಂಬುದೊಂದಿದೆ: ಮೇಲೆ ಕೆಳಗೆ ಕೆಂಡ, ನಡುವೆ ರೊಟ್ಟಿ. ಅಮ್ಮನ ‘ಹೊಯಿಗೆ ಕಾಯಿಸಿ ಇಡುವುದು, ಮೇಲೆ ಗೆರಟೆ ಕೆಂಡ’ ಎಂಬುದಕ್ಕೂ ಅದಕ್ಕೂ ಐನೂರು ವರ್ಷದ ಅಂತರ, ತತ್ವ ಒಂದೇ. ಕಾಸರಗೋಡು, ಕಣ್ಣೂರು ಕಡೆಯ ಅಕ್ಕಿಯ ಕಲ್ತಪ್ಪವನ್ನೂ ಮಾಪಿಳ್ಳೆಯರ ಮನೆಯ ಬಾಳೆಹಣ್ಣಿನ ಕಾಯಿಪೋಳವನ್ನೂ ಮುಚ್ಚಳದ ಮೇಲೆ ಕೆಂಡ ಹರಡಿಯೇ ಬೇಯಿಸುತ್ತಿದ್ದರು. ಓವನ್ ಬರುವ ಮೊದಲು ನಮ್ಮ ಊರಿಗೆ ಬೇಕಿಂಗ್ ಗೊತ್ತಿರಲಿಲ್ಲ ಎನ್ನುವವರಿಗೆ ಈ ಮೂರನ್ನು ತೋರಿಸಿದರೆ ಸಾಕು.

ಆದರೆ ಮಂಗರಸನಿಗೆ ಗೇರುಬೀಜ ಗೊತ್ತಿರಲಿಲ್ಲ. ಗೇರು ಬ್ರೆಜಿಲಿನ ಮರ, 16ನೆಯ ಶತಮಾನದಲ್ಲಿ ಪೋರ್ಚುಗೀಸರು ಇಲ್ಲಿಗೆ ತಂದದ್ದು. ‘ಕಾಜು’ ಎಂಬುದು ಬ್ರೆಜಿಲಿನ ಟುಪಿ ಜನರ ಶಬ್ದ ಪೋರ್ಚುಗೀಸರ ಬಾಯಲ್ಲಿ ತಿರುಗಿ ಬಂದದ್ದು. ಮಲಯಾಳದಲ್ಲಿ ಅದಕ್ಕೆ ‘ಪರಂಗಿಮಾವು’ ಎಂಬ ಹೆಸರೂ ಇದೆ, ಎಂದರೆ ಪರಂಗಿಯವರ ಮಾವು. ನಾವು ಅದನ್ನು ನಮ್ಮ ಕಾಡಿನಲ್ಲೇ ಇದ್ದ, ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕರಿಗೇರಿನ ಸಾಲಿಗೆ ಸೇರಿಸಿ ಗೇರು ಎಂದೆವು. ಎರಡೂ ಒಂದೇ ಕುಟುಂಬದ ಮರಗಳು, ಎರಡರ ಸಿಪ್ಪೆಯ ಎಣ್ಣೆಯೂ ಚರ್ಮ ಸುಡುವಂಥದು. ಬೀಜ ಸುಲಿಯುವ ಹೆಂಗಸರ ಬೆರಳುಗಳನ್ನು ಹತ್ತಿರದಿಂದ ನೋಡಿದವರಿಗೆ ಆ ಎಣ್ಣೆ ಏನೆಂದು ಗೊತ್ತು. ಇನ್ನೊಂದು ಸುಡುವಿಕೆಯೂ ನಮ್ಮ ಗೇರುಗುಡ್ಡಗಳ ಮೇಲೆ ಆಗಿದೆ: 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು. ಆ ವಿಷದಿಂದ ನರಳಿದ ಎಣ್ಮಕಜೆಯ ಮಕ್ಕಳನ್ನು ನೆನೆಯದೆ ಕಾಸರಗೋಡಿನ ಗೇರುಬೀಜದ ಬಗ್ಗೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಕೇಕು ಕೇರಳದ ಕರಾವಳಿಗೆ ಬಂದ ಬಗ್ಗೆ ತಲಶ್ಶೇರಿಯವರು ಹೇಳಿಕೊಂಡು ಬಂದ ಕತೆಯಲ್ಲಿಯೂ ಗೇರು ಇದೆ. 1883ರಲ್ಲಿ ಬ್ರೌನ್ ಎಂಬ ಇಂಗ್ಲಿಷ್ ತೋಟದ ಧಣಿ ವಿಲಾಯತಿಯಿಂದ ತಂದ ಕ್ರಿಸ್‌ಮಸ್ ಕೇಕನ್ನು ಮಂಬಳ್ಳಿ ಬಾಪು ಎಂಬ ಬೇಕರಿಯವರಿಗೆ ತೋರಿಸಿ, ಇಂಥದ್ದು ಮಾಡಿಕೊಡುತ್ತೀಯಾ ಎಂದನಂತೆ. ಬ್ರಾಂಡಿ ಹಾಕು ಎಂದು ಹೇಳಿದ್ದಕ್ಕೆ ಬಾಪು ಗೇರುಹಣ್ಣು, ಬಾಳೆಹಣ್ಣು ಹಾಕಿ ಇಳಿಸಿದ ಊರಿನ ಸಾರಾಯಿ ಬಳಸಿದರಂತೆ. ರುಚಿ ನೋಡಿ, ಬರೆದ ಚೀಟಿ ಇಲ್ಲದೆ ಕಲಿತ ಕೇಕು ಅದು.

ಇನ್ನು ರಾತಲಿಗೆ ಬರೋಣ. ಅಣ್ಣನ ಮಗಳಿಗೆ ಹೊಸದಾಗಿ ಕಂಡ ಆ ಶಬ್ದ ಅರಬಿಯ ‘ರತ್ಲ್’. 1226ರಲ್ಲಿ ಬಾಗ್ದಾದಿನಲ್ಲಿ ಬರೆದ ಒಂದು ಅಡುಗೆ ಪುಸ್ತಕದಲ್ಲಿ ಮಾಂಸವನ್ನೂ ಸಕ್ಕರೆಯನ್ನೂ ಅಳೆದದ್ದು ಇದೇ ರತ್ಲಿನಲ್ಲಿ. ಬಾದಾಮಿಯನ್ನು ಸಕ್ಕರೆಯೊಂದಿಗೆ ನುಣ್ಣಗೆ ಪುಡಿ ಮಾಡಿ ಮಾಡುವ ‘ಲೌಜೀನಜ್’ ಎಂಬ ತಿನಿಸು ಆ ಕಾಲದ ಬಾಗ್ದಾದಿನಲ್ಲಿ ಬಹಳ ಮೆಚ್ಚಿನದು. ಬೀಜದ ಪುಡಿಯ ಕೇಕುಗಳಿಗೆ ಅದನ್ನು ಹಿರಿಯಜ್ಜಿ ಎನ್ನಬಹುದು. ಸಮುದ್ರ ವ್ಯಾಪಾರದೊಂದಿಗೆ ಆ ತೂಕದ ಹೆಸರು ನಮ್ಮ ಕರಾವಳಿಗೂ ಬಂತು. ಬ್ರಿಟಿಷರ ಪೌಂಡು ಬಂದಾಗ ನಮ್ಮವರು ಅದಕ್ಕೂ ರಾತಲು ಎಂದೇ ಹೇಳಿದರು. ಹಾಗಾಗಿ ಅಮ್ಮನ ಕಾಲು ರಾತಲು ಎಂದರೆ ಕಾಲು ಪೌಂಡು, 113 ಗ್ರಾಂ.

ಪೌಂಡು ನಮ್ಮ ಗೇರುಬೀಜದಲ್ಲಿ ಇವತ್ತಿಗೂ ಬದುಕಿದೆ. ಅಂಗಡಿಯ ಪೊಟ್ಟಣದ ಮೇಲೆ ಡಬ್ಲ್ಯೂ 240, ಡಬ್ಲ್ಯೂ 320 ಎಂದು ಬರೆದಿರುತ್ತದಲ್ಲ, ಆ ಅಂಕಿ ಒಂದು ಪೌಂಡಿಗೆ ಎಷ್ಟು ಇಡೀ ಬೀಜ ಎಂಬುದರ ಲೆಕ್ಕ. ಅಂಕಿ ಸಣ್ಣದಾದಷ್ಟೂ ಬೀಜ ದೊಡ್ಡದು, ಬೆಲೆಯೂ ದೊಡ್ಡದು. ಕೇಕಿಗೆ ಪುಡಿ ಮಾಡುವವರು ಇಡೀ ಬೀಜಕ್ಕೆ ಹಣ ಕೊಡಬೇಕಾಗಿಲ್ಲ. ತುಂಡು ಬೀಜ ಸಾಕು, ರುಚಿ ಒಂದೇ.

ಅಳತೆಯನ್ನು ಪೂರ್ತಿಯಾಗಿ ಬರೆದಿಟ್ಟವರಲ್ಲಿ ಅರಮನೆಯ ಲೆಕ್ಕದವರೂ ಇದ್ದರು. 1590ರ ಸುಮಾರಿಗೆ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಅಕ್ಬರನ ಅಡುಗೆಮನೆಯ ಜರ್ದ್ ಬಿರಿಂಜ್ ಎಂಬ ಸಿಹಿ ಅನ್ನಕ್ಕೆ ಹೀಗಿದೆ: ಅಕ್ಕಿ 10 ಸೇರು, ಕಲ್ಲುಸಕ್ಕರೆ 5 ಸೇರು, ತುಪ್ಪ ಮೂರೂವರೆ ಸೇರು, ದ್ರಾಕ್ಷಿ, ಬಾದಾಮಿ, ಪಿಸ್ತಾ ತಲಾ ಅರ್ಧ ಸೇರು. ಬೇಯಿಸುವ ಕ್ರಮ ಇಲ್ಲ. ಉಗ್ರಾಣದಿಂದ ಏನೆಷ್ಟು ಹೋಗುತ್ತದೆ ಎಂದು ಅಧಿಕಾರಿಗೆ ತಿಳಿಯಬೇಕಿತ್ತು, ಬೇಯಿಸುವುದು ಬಾಣಸಿಗನಿಗೆ ಗೊತ್ತಿತ್ತು. ಮೆಸೊಪೊಟೇಮಿಯದವರು ಕ್ರಮ ಬರೆದು ಅಳತೆ ಬಿಟ್ಟರೆ, ಇವರು ಅಳತೆ ಬರೆದು ಕ್ರಮ ಬಿಟ್ಟರು.

ಎರಡನ್ನೂ ಒಟ್ಟಿಗೆ ಹೊಸೆದದ್ದು ಮುಖ್ಯವಾಗಿ ಮನೆಯ ಹೆಂಗಸರಿಗಾಗಿ ಬರೆದ ಹೆಂಗಸರು. 1747ರಲ್ಲಿ ಲಂಡನ್ನಿನಲ್ಲಿ ಹ್ಯಾನಾ ಗ್ಲಾಸ್ ಅಚ್ಚು ಹಾಕಿಸಿದ ಪುಸ್ತಕದ ಪೌಂಡ್ ಕೇಕಿಗೆ ಬೆಣ್ಣೆ, ಹಿಟ್ಟು, ಸಕ್ಕರೆ ತಲಾ ಒಂದು ಪೌಂಡು, ಮೊಟ್ಟೆ ಹನ್ನೆರಡು. ಎಲ್ಲ ಸೇರಿಸಿ ಕೈಯಲ್ಲೋ ಮರದ ದೊಡ್ಡ ಸೌಟಿನಲ್ಲೋ ಒಂದು ಗಂಟೆ ಬಡಿಯಬೇಕು. ಒಂದು ಗಂಟೆ! ಬೇಕಿಂಗ್ ಪೌಡರ್ ಇಲ್ಲದ ಕಾಲ; ಉಬ್ಬಿಸುವುದಕ್ಕೆ ತೋಳಿನ ಬಲ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1843ರಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ, ಈಸ್ಟ್ ಹಿಡಿಸದ ತನ್ನ ಹೆಂಡತಿಗಾಗಿ ಬೇಕಿಂಗ್ ಪೌಡರ್ ತಯಾರಿಸಿದ ಮೇಲೆ ಅಡುಗೆಮನೆಯ ತೋಳುಗಳಿಗೆ ಬಿಡುವು ಸಿಕ್ಕಿತು. 1845ರಲ್ಲಿ ಎಲೈಜಾ ಆಕ್ಟನ್ ಪ್ರತಿ ಅಡುಗೆಯ ಕೊನೆಗೆ ಸಾಮಾನು ಎಷ್ಟು, ಹೊತ್ತು ಎಷ್ಟು ಎಂದು ಬೇರೆಯಾಗಿ ಬರೆಯುವ ಕ್ರಮ ತಂದರು. 1861ರಲ್ಲಿ ಇಸಬೆಲ್ಲಾ ಬೀಟನ್ ಸಾಮಾನಿನ ಪಟ್ಟಿಯನ್ನು ತಲೆಗೆ ಏರಿಸಿದರು. 1896ರಲ್ಲಿ ಬಾಸ್ಟನ್ನಿನ ಫ್ಯಾನಿ ಫಾರ್ಮರ್, ಕಪ್ಪು ಚಮಚಗಳನ್ನು ತುಂಬಿಸಿ ಚಾಕುವಿನಿಂದ ಮಟ್ಟ ಸವರಿಯೇ ಅಳೆಯಬೇಕು ಎಂದು ಹಟ ಹಿಡಿದರು. ಅವರ ಹಟ ಕೇಕಿಗೆ ಸರಿಯಾದ ಹಟ. ರಾಶಿ ಮಾಡಿದ ಒಂದು ಚಮಚ ಬೇಕಿಂಗ್ ಪೌಡರ್ ಎಂದರೆ ಮಟ್ಟದ ಎರಡು ಚಮಚ.

ನಮ್ಮಲ್ಲಿ ಅಳತೆ ಇರಲಿಲ್ಲ ಎಂದು ಇದರ ಅರ್ಥವಲ್ಲ. ಚಿಟಿಕೆ, ಹಿಡಿ, ಬೊಗಸೆ, ಕುಡ್ತೆ, ಪಾವು, ಸೇರು, ಲಿಂಬೆಗಾತ್ರದ ಹುಳಿ, ಇವೆಲ್ಲ ಅಳತೆಗಳೇ. ‘ಒಂದೆಳೆ ಪಾಕ’ ಎಂಬುದು ಎರಡು ಬೆರಳಿನ ನಡುವಿನ ಥರ್ಮಾಮೀಟರು: ಪಾಕ 105 ಡಿಗ್ರಿಯ ಆಸುಪಾಸಿಗೆ ಬಂದಾಗಲೇ ಆ ಎಳೆ ಏಳುವುದು. ಆದರೆ ಲೋಟೆ ಮನೆಯಿಂದ ಮನೆಗೆ ಬದಲಾಗುತ್ತದೆ, ಬೆರಳು ಮನುಷ್ಯನೊಂದಿಗೆ ಹೋಗುತ್ತದೆ. ಕಾಸರಗೋಡಿನಲ್ಲಿ ಇನ್ನೂ ಒಂದು ಸೇರಿಕೊಂಡಿತು. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಹೊರಬಿದ್ದು ಕೇರಳಕ್ಕೆ ಸೇರಿತು. ಅದೇ 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂದು, ಸೇರು ರಾತಲು ಹೋಗಿ ಕಿಲೋ ಗ್ರಾಂ ಬರುವ ದಾರಿಯಾಯಿತು. ಒಂದೇ ವರ್ಷ, ಅಕ್ಷರಕ್ಕೂ ಅಳತೆಗೂ ಒಟ್ಟಿಗೆ ಹೊಸ ಹಾದಿ. ಅಮ್ಮ ಎರಡರಲ್ಲಿಯೂ ಹಳೆಯದನ್ನೇ ಬರೆದರು. ಅವರ ಮೊಮ್ಮಗಳಿಗೆ ಎರಡೂ ಸಲೀಸಾಗಿ ಓದಲು ಬರುವುದಿಲ್ಲ.

ಹಾಗಾದರೆ ಆ ಲೋಟೆ ಎಷ್ಟು ದೊಡ್ಡದಿತ್ತು? ಪಾತ್ರೆಗಳ ಮಧ್ಯೆ ಅದು ಸಿಗಲಿಲ್ಲ. ಆದರೆ ಪುಟದಲ್ಲಿ ಎರಡು ಸಾಮಾನು ಲೋಟೆಯನ್ನು ಆಶ್ರಯಿಸಿಲ್ಲ: ಬೆಣ್ಣೆ 113 ಗ್ರಾಂ, ಮೊಟ್ಟೆ ಮೂರು, ಎಂದರೆ ಸುಮಾರು 150 ಗ್ರಾಂ. ಈ ಎರಡಕ್ಕೆ ಹೊಂದುವ ಲೋಟೆಯನ್ನು ಹುಡುಕಿದರಾಯಿತು. ರಜೆಗೆ ಅವಳು ಉಪ್ಪಳಕ್ಕೆ ಬಂದಳು, ಇಬ್ಬರೂ ತಕ್ಕಡಿ ಇಟ್ಟು ಕೂತೆವು. ಮೊದಲು ಈಗಿನ 250 ಮಿಲಿಲೀಟರಿನ ಕಪ್ಪು. ಸಕ್ಕರೆಯೇ 210 ಗ್ರಾಂ ದಾಟಿತು. ಮೇಲೆ ಗರಿಗರಿ ಸಕ್ಕರೆಯ ಪೊರೆ, ನಡುವೆ ಅಂಗೈಯಷ್ಟು ಗುಂಡಿ. ಆಮೇಲೆ 150 ಮಿಲಿಲೀಟರಿನ ಚಾ ಲೋಟೆ. ಈಗ ಒಣಸಾಮಾನು ಕಡಿಮೆಯಾಗಿ ಬೆಣ್ಣೆ ಮೊಟ್ಟೆಯೇ ಮೇಲಾದವು. ಅಡಿಯ ಕಾಗದ ಎಣ್ಣೆಯಲ್ಲಿ ತೊಯ್ದಿತ್ತು, ತಿನ್ನುವಾಗ ಆಮ್ಲೆಟ್ಟಿನ ವಾಸನೆ. ಮೂರನೆಯದು 200 ಮಿಲಿಲೀಟರು. ಒಲೆ ತೆಗೆದ ಕೂಡಲೇ ಗೊತ್ತಾಯಿತು. ನಡು ಎತ್ತರ, ಬದಿ ಅಚ್ಚಿನಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು, ಮನೆ ತುಂಬ ಹುರಿದ ಬೀಜದ ಪರಿಮಳ.

ತೂಕದಲ್ಲಿ ಹೇಳುವುದಾದರೆ: ತುಂಡು ಗೇರುಬೀಜ 120 ಗ್ರಾಂ, ಸಕ್ಕರೆ 170, ಮೈದಾ 110, ಬೆಣ್ಣೆ 113, ಮೊಟ್ಟೆ ಮೂರು, ಬೇಕಿಂಗ್ ಪೌಡರ್ ಮಟ್ಟದ ಒಂದು ಚಾ ಚಮಚ, ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ. ಏಳು ಇಂಚಿನ ದುಂಡು ಅಚ್ಚು. ಬೀಜವನ್ನು ಸಣ್ಣ ಉರಿಯಲ್ಲಿ ಬಣ್ಣ ತಿರುಗುವವರೆಗೆ ಹುರಿದು ಪೂರ್ತಿ ತಣಿಸಬೇಕು. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಎರಡು ಚಮಚ ಮೈದಾ ಜೊತೆಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ರವೆಯ ಹಾಗೆ ಉದುರಾದ ಪುಡಿ ಬರುತ್ತದೆ. ಒಂದು ಹಿಡಿಯಷ್ಟನ್ನು ಪುಡಿ ಮಾಡದೆ ಮೇಲೆ ಉದುರಿಸಲು ಇಟ್ಟುಕೊಳ್ಳಿ.

ಬೆಣ್ಣೆಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಪುಸ್ತಕಗಳು ‘ಬೆಣ್ಣೆ ಕೋಣೆಯ ಉಷ್ಣತೆಯಲ್ಲಿರಲಿ’ ಎನ್ನುತ್ತವೆ. ಅದು ಲಂಡನ್ನಿನ ಕೋಣೆ, 20 ಡಿಗ್ರಿಯದು. ಉಪ್ಪಳದಲ್ಲಿ ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ. ಬೆಣ್ಣೆ ಕೋಣೆಯಲ್ಲಿಟ್ಟರೆ ಎಣ್ಣೆಯಾಗುತ್ತದೆ, ಎಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಬರೆದವರು ತಮ್ಮ ಹವೆಯನ್ನೂ ಗೊತ್ತಿಲ್ಲದೆ ಚೀಟಿಯೊಳಗೆ ಸೇರಿಸಿರುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಬೇಗ ಮಾಡುವುದು, ಇಲ್ಲವೇ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬಡಿಯುವುದು ಒಳ್ಳೆಯದು. ಬೆರಳೊತ್ತಿದರೆ ಗುಳಿ ಬೀಳಬೇಕು, ಹೊಳೆಯಬಾರದು.

ಸಕ್ಕರೆ ಹಾಕಿ ಹತ್ತು ನಿಮಿಷ ಬಡಿಯಿರಿ. ಮೊಟ್ಟೆ ಒಂದೊಂದೇ, ಒಂದು ಬೆರೆತ ಮೇಲೆ ಇನ್ನೊಂದು. ಒಮ್ಮೆಗೇ ಸುರಿದರೆ ಬೆಣ್ಣೆ ಒಡೆದು ಮೊಸರಿನಂತೆ ಹಿಂಜಿಕೊಳ್ಳುತ್ತದೆ. ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿದ ಮೈದಾವನ್ನೂ ಬೀಜದ ಪುಡಿಯನ್ನೂ ಸೌಟಿನಿಂದ ಮಡಚಿ ಮಡಚಿ ಬೆರೆಸಿ, ಗಟ್ಟಿ ಅನ್ನಿಸಿದರೆ ಎರಡು ಚಮಚ ಹಾಲು. ಇಲ್ಲಿ ಬಡಿಯಬಾರದು, ಗೋಧಿಯ ಅಂಟು ಎದ್ದು ಕೇಕು ಗಡಸಾಗುತ್ತದೆ. 170 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಹೊಯಿಗೆ ಕಾಯಿಸಿ, ಅದರ ಮೇಲೆ ಅಚ್ಚಿಟ್ಟು ಮುಚ್ಚಿ, ಸಣ್ಣ ಉರಿ. ಮುಚ್ಚಳದ ಮೇಲೆ ನಾಲ್ಕು ಗೆರಟೆ ಕೆಂಡ ಇಲ್ಲದಿದ್ದರೆ ಮೇಲ್ಮೈ ಕೆಂಪಾಗುವುದಿಲ್ಲ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಮೊಟ್ಟೆ ತಿನ್ನದ ಮನೆಯವರು ಮೊಸರು ಮತ್ತು ಅಡುಗೆ ಸೋಡಾ ಬಳಸುತ್ತಾರೆ. ಅದರಿಂದ ಉಬ್ಬುವುದು ಬರುತ್ತದೆ, ಹಿಡಿದು ನಿಲ್ಲುವುದು ಬರುವುದಿಲ್ಲ. ಹಾಗಾಗಿ ಬೀಜ ಸ್ವಲ್ಪ ಕಡಿಮೆ, ಮೈದಾ ಸ್ವಲ್ಪ ಹೆಚ್ಚು ಬೇಕು.

ಊರಿಗೆ ಹೋದ ಮೇಲೆ ಅವಳು ತನ್ನ ಪುಸ್ತಕದ ಫೋಟೋ ಕಳಿಸಿದಳು. ಗ್ರಾಂ, ಡಿಗ್ರಿ, ನಿಮಿಷ ಎಲ್ಲವನ್ನೂ ಮಲಯಾಳ ಅಕ್ಷರದಲ್ಲಿ ಬರೆದಿದ್ದಾಳೆ. ‘ಬಿಳಿ ಬರುವಷ್ಟು’ ಎಂಬಲ್ಲಿ ಮಾತ್ರ ಕನ್ನಡ ಮಾತನ್ನೇ ಮಲಯಾಳ ಅಕ್ಷರದಲ್ಲಿ ಇಟ್ಟು, ಪಕ್ಕದಲ್ಲಿ ‘ಅತ್ತೆಯ ಮನೆಯ ಗೋಡೆಯ ಸುಣ್ಣದ ಬಣ್ಣ’ ಎಂದು ಸೇರಿಸಿದ್ದಾಳೆ. ಕೆಳಗೆ ಇನ್ನೊಂದು ಸಾಲು ಇದೆ, ಅಜ್ಜಿಯ ಪುಟದಲ್ಲಿ ಇಲ್ಲದ್ದು, ನಾನೂ ಹೇಳಿಕೊಡದ್ದು: ‘ಮಳೆಗಾಲದಲ್ಲಿ ಬೀಜ ಮೆತ್ತಗಿರುತ್ತದೆ, ಹುರಿಯುವ ಮೊದಲು ಒಂದು ರಾತ್ರಿ ಒಲೆಯ ದಂಡೆಯಲ್ಲಿ ಇಡುವುದು.’